ಇಪ್ಪತ್ತೇಳನೇ ಪ್ರಶ್ನೆ

"ಇಪ್ಪತ್ತೇಳನೇದಕ್ಕ ಉತ್ತರ 'ಎ'. ಬರಕೋರಿ," ಎಂದ ಅರಿಹಂತ ಸರ್, ಕೈಯಲ್ಲಿದ್ದ ಝೆರಾಕ್ಸ್ ಹಾಳೆಯಿಂದ ತಲೆ ಎತ್ತದೆಯೇ.

"ಅಲ್ರಿ ಸರ್, 'ಬಿ'," ಎಂದಳು ಮಾಯಾ.

ಗೋಕಾಕದ ಬಸ್‌ಸ್ಟ್ಯಾಂಡ್ ಹಿಂದಿನ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಉಳಿದ ಹತ್ತೂ ಮಂದಿ ಆಗಲೇ 'ಎ' ಬರೆದು ಮುಗಿಸಿದ್ದರು. ಇನ್ನು ಎಂಟು ದಿನಕ್ಕೆ ಹುಬ್ಬಳ್ಳಿಯಲ್ಲಿ ನೆಟ್‌ವರ್ಕಿಂಗ್ ಪರೀಕ್ಷೆ. ಮಾಯಾಳಿಗೆ ಮೂವತ್ತನಾಲ್ಕು, ಕಲಿಸುವ ಸರ್‌ಗಿಂತ ಹತ್ತು ವರ್ಷ ದೊಡ್ಡವಳು. ಮೂಡಲಗಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಂದ ಫೋನನ್ನು ಬೇಕಾದವರಿಗೆ ಕೊಡುತ್ತಿದ್ದವಳು. ಎರಡು ಸಾವಿರದ ನಾಲ್ಕನೇ ಇಸವಿಯ ಯುಗಾದಿಗೆ ಆ ಬೋರ್ಡನ್ನೇ ಕಿತ್ತು ಹಾಕಿ, ಕಂಪ್ಯೂಟರ್ ನೆಟ್‌ವರ್ಕಿಗೆಂದು ಹೊಸ ಕೋಣೆ ಕಟ್ಟಿಸಿದರು. "ಈ ಪರೀಕ್ಷಾ ಪಾಸಾದ್ರ ಹೊಸಾ ನೆಟ್‌ವರ್ಕ್ ಕೋಲಿ ನಿಮ್ಮ ಕಡೀನ. ಇಲ್ಲಾ ಅಂದ್ರ ಗೋದಾಮಿನ್ಯಾಗ ಚೀಲಾ ಎಣಸ್ಕೋಂತ ಇರ್ರಿ," ಎಂದಿದ್ದರು ಮ್ಯಾನೇಜರು. ಪಾಸಾಗುವ ಮಾತು ಆಡುವಾಗ ಬಾಜೂದವರ ಮುಖ ನೋಡಿ ನಕ್ಕಿದ್ದರು. ಆ ನಗೆ ಮಾಯಾಳ ಎದೆಯಲ್ಲಿ ಜಾಲಿಮುಳ್ಳಿನಂತೆ ನೆಟ್ಟಿತ್ತು. ಪಿಯುಸಿ ಓದಿದ ಇಂಗ್ಲಿಷನ್ನೇ ನೆಚ್ಚಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಇಟ್ಟಂಗಿಯಷ್ಟು ದಪ್ಪದ ಪುಸ್ತಕವನ್ನು ಆರು ತಿಂಗಳಲ್ಲಿ ಎರಡು ಸಲ ಓದಿದ್ದಳು.

"ಪ್ರಶ್ನೆ ಸರ್ತ ಓದ್ರಿ ಅಕ್ಕಾರ," ಅರಿಹಂತನ ದನಿಯಲ್ಲಿ ಬೇಸರವಿತ್ತು. "ಬಂದದ್ದನ್ನ ಮುಂದಕ್ಕ ಕಳಸೂ ರೌಟರ್‌ಗೆ ಎರಡು ದಾರಿ ಗೊತ್ತದಾವು. 'ಎ' ದಾರಿ ಇಡೀ ಒಂದು ಗುಂಪಿನ ವಿಳಾಸಕ್ಕ, ನಾವ ಕೈಯಾರೆ ಬರದಿದ್ದು. 'ಬಿ' ದಾರಿ ಅದ ಗುಂಪಿನ ಒಂದು ಸಣ್ಣ ಭಾಗಕ್ಕ, ಬಾಜೂ ರೌಟರ್ ಹೇಳಿದ್ದು. ಆ ಸಣ್ಣ ಭಾಗಕ್ಕ ಹೋಗೂದು ಬಂದ್ರ ಯಾವ ದಾರಿ? ನಾವು ಬರದದ್ದನ್ನ ಅದು ಹೆಚ್ಚು ನಂಬತೈತಿ. ಅದಕ್ಕ 'ಎ'."

"ನಂಬೂ ಮಾತು, ಎರಡೂ ದಾರಿ ಒಂದ ಜಾಗಾಕ್ಕ ಹೊಂಟಾಗರಿ. ಇಲ್ಲಿ ಹಂಗಿಲ್ಲ. ಟಪಾಲ್ ಆಫೀಸಿನ್ಯಾಗ ಗೋಕಾಕ ತಾಲೂಕಿಗೆಲ್ಲಾ ಒಂದು ಚೀಲಾ, ಮೂಡಲಗಿಗೆ ಅಂತ ಬ್ಯಾರೆ ಒಂದು ಚೀಲಾ ಇಟ್ಟಾರ ಅಂತ ತಿಳೀರಿ. ಮೂಡಲಗಿ ಕಾಗದಾ ಯಾವದ್ರಾಗ ಹಾಕ್ತೀರಿ?"

"ಮೂಡಲಗಿ ಚೀಲದಾಗ," ಎಂದುಬಿಟ್ಟ ಹಿಂದಿನ ಬೆಂಚಿನ ಅಣ್ಣಪ್ಪ. ಸರ್ ಕಣ್ಣು ತನ್ನತ್ತ ತಿರುಗಿದ್ದು ನೋಡಿ ತಲೆ ತಗ್ಗಿಸಿದ.

ಅರಿಹಂತ ಹಾಳೆಗಳನ್ನು ಟೇಬಲ್ಲಿಗೆ ಬಡಿದ. "ಇದು ಬೆಂಗಳೂರಿಂದ ತರಿಸಿದ್ದೈತಿ. ಬಾಯಿಪಾಠ ಮಾಡಿ ಹ್ವಾದಾವ್ರು ಪಾಸಾಗಿ ಬಂದಾರ. ನಿಮಗ ಸರ್ಟಿಫಿಕೇಟ್ ಬೇಕೋ, ವಾದಾ ಬೇಕೋ?"

"ಪಾಸಾದ ಮ್ಯಾಲೆ ಆ ಕೋಲ್ಯಾಗ ಕೂಡಾಕಿ ನಾನರಿ. ಲೈನ್ ಬಂದ್ ಬಿತ್ತಂದ್ರ ಈ ಹಾಳಿ ಕೇಳ್ಲೇನು?"

"ಹಾಳಿ ಬ್ಯಾಡಾಗಿದ್ರ ನಾಳಿಂದ ಬರಬ್ಯಾಡ್ರಿ."

ಮಾಯಾ ಎದ್ದಳು. ಚೀಲ ಹೆಗಲಿಗೇರಿಸಿ ಬಾಗಿಲತ್ತ ಹೋಗುತ್ತಾಳೆಂದೇ ಎಲ್ಲರೂ ತಿಳಿದರು. ಆಕೆ ಹೋಗಿ ನಿಂತದ್ದು ಗೋಡೆಯ ಗಾಜಿನ ಕಪಾಟಿನ ಮುಂದೆ. ಅದರೊಳಗೆ ಮೂರು ರೌಟರ್‌ಗಳು ಸಾಲಾಗಿ ಕೂತಿದ್ದವು. ಹೋದ ಖಂಡೇನವಮಿಯ ಆಯುಧಪೂಜೆಯ ಕುಂಕುಮ ಇನ್ನೂ ಅವುಗಳ ಹಣೆಯ ಮೇಲಿತ್ತು.

"ಕೀಲಿ ತೆಗೀರಿ ಸರ್."

"ಅವು ತೋರಸಾಕ ಇಟ್ಟಾವು."

"ಹೌದಲ್ರಿ. ತೋರಸಾಕ ಬೇಕಾಗ್ಯಾವು."

ಯಾರೋ ಕಿಸಕ್ಕೆಂದರು. ಅರಿಹಂತನ ಕಿವಿ ಕೆಂಪಾದವು. ಈತನೂ ಅವುಗಳನ್ನು ಒಂದು ದಿನವಾದರೂ ಚಾಲೂ ಮಾಡಿದವನಲ್ಲ ಎಂಬುದು ಮಾಯಾಳಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಬಾಯಿಗೆ ತರಲಿಲ್ಲ. ಕೈ ಚಾಚಿ ನಿಂತಳು. ಹತ್ತು ಜನರ ಮುಂದೆ ಇಲ್ಲವೆನ್ನಲಾಗದೆ ಆತ ಡ್ರಾವರಿನಲ್ಲಿ ತಡಕಾಡಿ ಕೀಲಿಕೈ ಕೊಟ್ಟ.

ಮೂರನ್ನೂ ಟೇಬಲ್ಲಿನ ಮೇಲಿಟ್ಟು, ನಡುವಿನದಕ್ಕೆ ಎಡಕ್ಕೊಂದು ಬಲಕ್ಕೊಂದು ರೌಟರನ್ನು ವೈರಿನಿಂದ ಜೋಡಿಸಿದರು. ಎಡದ್ದು 'ಎ' ದಾರಿ, ಬಲದ್ದು 'ಬಿ'. ಮಾಯಾ ಕೀಬೋರ್ಡಿನ ಮುಂದೆ ಕೂತಳು. ರೌಟರಿಗೆ ಕೊಡುವ ಅಪ್ಪಣೆಗಳನ್ನೆಲ್ಲ ಆಕೆ ನೋಟುಬುಕ್ಕಿನಲ್ಲಿ ನೂರು ಸಲ ಬರೆದಿದ್ದಳು, ಖರೆ ಯಂತ್ರದ ಮೇಲೆ ಒಮ್ಮೆಯೂ ಒತ್ತಿರಲಿಲ್ಲ. ಮೊದಲನೆಯ ಸಾಲೇ ತಪ್ಪಾಯಿತು. ಎರಡನೆಯದೂ ತಪ್ಪಾಯಿತು. "ಆತೇನ್ರಿ?" ಎಂದ ಅರಿಹಂತ. ಆಕೆ ಅಳಿಸಿ ಮತ್ತೆ ಬರೆದಳು. ಮುಕ್ಕಾಲು ತಾಸು ಹಿಡಿಯಿತು. ಒಬ್ಬರೂ ಚಹಾಕ್ಕೆ ಏಳಲಿಲ್ಲ.

ಕೊನೆಗೆ ಆ ಸಣ್ಣ ಭಾಗದ ವಿಳಾಸಕ್ಕೆ ಒಂದರ ಹಿಂದೊಂದು ಕರೆ ಕಳಿಸತೊಡಗಿದಳು. ಉತ್ತರ ಬಂದರೆ ಪರದೆಯ ಮೇಲೆ ಉದ್ಗಾರ ಚಿಹ್ನೆ, ಬಾರದಿದ್ದರೆ ಬರೀ ಚುಕ್ಕಿ. ಉದ್ಗಾರ ಚಿಹ್ನೆಗಳು ಸಾಲುಗಟ್ಟಿ ಓಡಿದವು.

"ಅಣ್ಣಪ್ಪಾ, ಎಡಗಡೆ ವೈರ್ ಕೀಳು."

ಕಿತ್ತ. ಸಾಲು ನಿಲ್ಲಲಿಲ್ಲ, ನಡುವೆ ಒಂದೇ ಒಂದು ಚುಕ್ಕಿಯೂ ಬೀಳಲಿಲ್ಲ.

"ಹಾಕು. ಈಗ ಬಲಗಡೀದು."

ಅಣ್ಣಪ್ಪ ವೈರು ಎಳೆದದ್ದೇ ತಡ, ಒಂದು ಚುಕ್ಕಿ ಬಿತ್ತು. ಮತ್ತೊಂದು. ಆಮೇಲೆ ಬರೀ ಚುಕ್ಕಿ. ಕರೆಗಳು ಹೋಗುತ್ತಿದ್ದದ್ದು 'ಬಿ' ದಾರಿಯಲ್ಲೇ.

ಮುಂದಿನ ಬೆಂಚಿನಲ್ಲಿ ಯಾರೋ 'ಎ' ಮೇಲೆ ಗೀಟು ಎಳೆದ ಸದ್ದು ಕೇಳಿಸಿತು. ಅರಿಹಂತ ಟೇಬಲ್ಲಿನ ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡ. "ಆತು ಬಿಡ್ರಿ ಅಕ್ಕಾರ," ಎಂದ ಮೆಲ್ಲಗೆ, "ಇದೊಂದು ತಪ್ಪಿರಬೇಕು. ಈ ಹಾಳ್ಯಾಗ ಇನ್ನ ಮುನ್ನೂರಾ ಹನ್ನೆರಡು ಉತ್ತರ ಸರಿ ಅದಾವಲ್ಲ."

ಮಾಯಾ ತನ್ನ ಬಾಜೂಕ್ಕೆ ಒಂದು ಸ್ಟೂಲು ಎಳೆದಳು.

"ಅದನ್ನೂ ನೋಡೂಣ್ರಿ. ಕೂಡ್ರಿ ಸರ್, ಒಂದನೇದ್ದು ಓದ್ರಿ."