ಹೊರಡುವಾಗಿನ ಮಾತು

ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡ ಕಾಯಿಲೆಬಿದ್ದು ಪರದೇಶದ ಆಸ್ಪತ್ರೆ ಸೇರಿದ್ದ. ಅವನ ಜೊತೆಗಿದ್ದ ಜಲಜಾಕ್ಷಿ, ತಿಂಗಳಿನಿಂದ ಅಲ್ಲಿನ ನರ್ಸಿಗೆ ದಿನಕ್ಕಿಷ್ಟು ಕನ್ನಡ ಕಲಿಸುತ್ತಿದ್ದಳು.

"ಹೋಗ್ತೇನೆ ಅನ್ಬಾರ್ದು ಮಾರಾಯ್ತಿ, ಹೋಗಿ ಬರ್ತೇನೆ ಅನ್ಬೇಕು."

"ಯಾವಾಗ್ಲೂ?"

"ಯಾವಾಗ್ಲೂ. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಹೇಳ್ಲಿಕ್ಕಿಲ್ಲ, ಸುಮ್ಮನೆ ಎದ್ದು ಬರೋದು."

ಅಂದಿನಿಂದ ನರ್ಸ್ ಒಂದು ದಿನವೂ ಆ ಮಾತು ಮರೆತವಳಲ್ಲ. ನಿನ್ನೆಯೂ ಬಾಗಿಲಲ್ಲಿ ನಿಂತು, ನಗುತ್ತ ಹೇಳಿಯೇ ಹೋಗಿದ್ದಳು.

ಇವತ್ತು ಆಪರೇಷನ್. ಮಧ್ಯಾಹ್ನದ ಹೊತ್ತಿಗೆ ನರ್ಸ್ ಹೊರಗೆ ಬಂದು ಜಲಜಾಕ್ಷಿಯ ಪಕ್ಕ ಕೂತಳು.

"ಹೇಗಿದ್ದಾರೆ ಅವರು?"

"ನಾನು ಹೇಳ್ಬಾರ್ದು. ಡಾಕ್ಟರ್ ಬಂದು ಹೇಳ್ತಾರೆ."

"ಆಯ್ತು. ನೀನು ಹೋಗಿ ಊಟ ಮಾಡು."

ನರ್ಸ್ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು. ಆಮೇಲೆ ಸುಮ್ಮನೆ ಎದ್ದು ಹೋದಳು.