ಗಾಜು ಏರಿಸಿದ ಕಾರು

ಪುಳಿಯೋಗರೆಯ ಡಬ್ಬಿ ತೆರೆದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ಒಂಬತ್ತು ವರ್ಷ. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅಪ್ಪನಿಗೆ ಡ್ಯೂಟಿ ಪಾಳಿಯ ರೋಟಾದಲ್ಲಿ ಹೇಗೋ ಒಂದು ವಾರ ಬಿಡುವು ಸಿಕ್ಕಿ, ಇಂಗ್ಲೆಂಡಿನ ಡಿಡ್ಸ್‌ಬರಿಯ ನಮ್ಮ ಮನೆಯಿಂದ ಆಸ್ಟ್ರಿಯಾಕ್ಕೆ ಹೋಗಿದ್ದೆವು. ಆಲ್ಪ್ಸ್ ಬೆಟ್ಟದ ಮೇಲಿನ ವನ್ಯಜೀವಿ ಪಾರ್ಕಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ, ಮಾರ್ಮಟ್ ಎಂಬ ಬೆಟ್ಟದ ದಪ್ಪ ಅಳಿಲುಗಳಿಗೆ ಮಕ್ಕಳೇ ಕ್ಯಾರೆಟ್ ತಿನ್ನಿಸಬಹುದಿತ್ತು. ನಾನು ಬಂದದ್ದೇ ಅದಕ್ಕೆ.

ಬೇಲಿಯ ಪಕ್ಕದ ಬೆಂಚಿನಲ್ಲಿ ಅಮ್ಮ ಡಬ್ಬಿ ತೆರೆದಳು. ಮನೆಯಿಂದ ತಂದ ಗೊಜ್ಜಿಗೆ ಬೆಳಿಗ್ಗೆಯೇ ಅನ್ನ ಕಲಸಿದ್ದಳು. ಇಂಗು ಘಮ್ಮೆಂದಿತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಅವರ ಚೀಸೋ, ಒದ್ದೆ ಕಾಲುಚೀಲದಂತೆ ನಾರುತ್ತಿತ್ತು.

"ಮುಚ್ಚೇ ಅದನ್ನ," ಎಂದು ಅಪ್ಪ ಹಲ್ಲು ಕಚ್ಚಿದರು. "ಕಾರಲ್ಲಿ ತಿನ್ನೋಣ."

"ಡ್ಯಾಡ್, ಇಟ್ಸ್ ಆಲ್ಮೋಸ್ಟ್ ಒನ್!" ಎಂದು ಕಿರುಚಿದೆ. ಅವರು ಆಗಲೇ ಕಾರಿನತ್ತ ನಡೆದಿದ್ದರು.

ನಾವೂ ಕಾರಿನಲ್ಲಿ ಕೂತ ಮೇಲೆ, ವಾಸನೆ ಹೊರಗೆ ಹೋಗಬಾರದೆಂದು ಅಪ್ಪ ಗಾಜು ಏರಿಸಿದರು. ಬೆವರುತ್ತಲೇ ತಿಂದರು. ಬೇಲಿಯ ಹತ್ತಿರ ಮಕ್ಕಳು ಕೇಕೆ ಹಾಕುತ್ತಿದ್ದರು. ನನ್ನ ಕೈಯಲ್ಲಿದ್ದ ಕ್ಯಾರೆಟ್ಟನ್ನು ನಾನು ಚೂರು ಚೂರು ಮುರಿದೆ.

ಅಮ್ಮ ಒಂದು ತುತ್ತೂ ಮುಟ್ಟಲಿಲ್ಲ. "ಆ ಪ್ರಾಣಿಗಳೇ ವಾಸಿ ಕಣ್ರೀ," ಅಂದಳು. "ಎಲ್ಲರ ಎದುರಿಗೇ ತಿಂತಾವೆ."

ಅಪ್ಪ ಗಾಜು ಇಳಿಸಲಿಲ್ಲ.