ಕತ್ತಲ ಸೀನು

ಪ್ರೊಜೆಕ್ಟರ್ ಅಂಗಡಿ ಲಿಖಿತ ಬಾಯಿ ಬಿಟ್ರೆ ಸಾಕು, ಬರೀ ಪಂಚ್ ಡೈಲಾಗು.

"ಎಡಗಡೇದು ಗೇಮಿಗೆ ಸಾರ್. ನೀವು ಬಟನ್ ಒತ್ತೋಕ್ ಮುಂಚೆ ವಿಲನ್ ಸತ್ತಿರ್ತಾನೆ! ಬಲಗಡೇದು ಸಿನಿಮಾಗೆ. ರೇಟು ಡಬಲ್, ಆದ್ರೆ ಹೀರೋ ಎಂಟ್ರಿ ಕೊಟ್ರೆ ಪಕ್ಕದ್ಮನೇಲೂ ವಿಸಿಲ್ ಬೀಳುತ್ತೆ!"

ಗಿರಾಕಿ ನಗಲಿಲ್ಲ. ಪೆನ್‌ಡ್ರೈವ್ ಕೊಟ್ಟು, "ಕತ್ತಲ ಸೀನು ಯಾವುದ್ರಲ್ಲಿ ಚೆನ್ನಾಗಿ ಕಾಣುತ್ತೆ?" ಅಂದ.

"ಬಲಗಡೇದ್ರಲ್ಲೇ ಸಾರ್. ಇದ್ರ ಮುಂದೆ ಕತ್ತಲೂ ಬಾಯಿ ಬಿಡುತ್ತೆ!"

ಎರಡರ ವ್ಯತ್ಯಾಸ ಗೊತ್ತಾಗ್ಲಿ ಅಂತ ಲಿಖಿತ ಮೊದ್ಲು ಎಡಗಡೇದ್ರಲ್ಲಿ ಹಾಕಿದ. ಪರದೆ ಮೇಲೆ ದೀಪ ಇಲ್ಲದ ರಸ್ತೆ, ಯಾರದೋ ಗೇಟಿನ ಕ್ಯಾಮೆರಾದ್ದು. ಮಸುಕು ಮಸುಕಾಗಿ ಒಂದು ಹುಡುಗಿ ಸೈಕಲ್ ತುಳ್ಕೊಂಡು ಬಂದ್ಲು. ಹಿಂದಿನಿಂದ ಕಾರೊಂದು ಗುದ್ದಿ, ನಿಲ್ಲದೇ ಹೋಯ್ತು.

ಆ ರಸ್ತೆ, ಆ ಕಾರು ಲಿಖಿತನಿಗೆ ಚೆನ್ನಾಗಿ ಗೊತ್ತಿತ್ತು.

"ನನ್ ಮಗಳು," ಅಂದ ಗಿರಾಕಿ. "ಆಸ್ಪತ್ರೆ ಮುಟ್ಟೋವರೆಗೂ ಉಳೀಲಿಲ್ಲ. ಇದ್ರಲ್ಲಿ ಕಾರಿನ ನಂಬರ್ ಕಾಣ್ತಿಲ್ಲ, ಬಲಗಡೇದ್ರಲ್ಲಿ ಹಾಕಪ್ಪಾ."

"ಅದು... ಬೇಡ ಸಾರ್. ಸುಮ್ನೆ ದುಡ್ಡು ದಂಡ. ಎಡಗಡೇದೇ ತಗೊಳ್ಳಿ, ಇನ್ನೂ ಕಮ್ಮಿಗೆ ಕೊಡಿಸ್ತೀನಿ."

"ಇಷ್ಟೊತ್ತೂ ಬಲಗಡೇದೇ ಅಂತಿದ್ದೋನು, ಈಗ್ಯಾಕೆ ಬೇಡ ಅಂತೀಯ?"

ಲಿಖಿತ ಪ್ರೊಜೆಕ್ಟರ್ ಆರಿಸೋಕೆ ಹೋದ.

ಗಿರಾಕಿ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕ್ಕೊಂಡ. "ನಂಬರ್ ಪೊಲೀಸ್ನೋರಿಗೆ ನೆನ್ನೇನೇ ಸಿಕ್ತು ತಮ್ಮಾ, ಹೊರಗೇ ನಿಂತವ್ರೆ. ನಾನು ನಿನ್ನ ಮುಖ ನೋಡೋಕೆ ಬಂದೆ."